ಮಂದಿಗೆ ಕಳಿಸುವ ನೀರು

ಕನಮಡಿಗೆ ಸೊಸೆಯಾಗಿ ಬಂದ ದಿನದಿಂದ ಗುರುಸಿದ್ದವ್ವನಿಗೆ ನೀರೆಂದರೆ ಎರಡು ಬಗೆ. ಹಿತ್ತಲ ಬಾವಿಯದು ಸವಳು; ಅದು ಬಟ್ಟೆಗೆ, ದನಕ್ಕೆ. ಊರಾಚೆಯ ಬಾವಿಯದು ಸಿಹಿ. ಅದು ಕುಡಿಯಲು, ಬೇಳೆ ಬೇಯಿಸಲು, ಬಂದವರ ಕೈಗೆ ಕೊಡಲು. ಬಂದವರಿಗೆ ಸವಳು ನೀರು ಕೊಟ್ಟ ಹೆಂಗಸಿಗೆ ಊರಲ್ಲಿ ಮರ್ಯಾದೆ ಉಳಿದೀತೇ! ಆ ಸಿಹಿನೀರು ಹೊತ್ತು ಹೊತ್ತೇ ಅವಳ ಬಲಭುಜ ಸವೆದುಹೋಯಿತು. ಇನ್ನು ಕೊಡ ಹೊತ್ತರೆ ಕೈಯೇ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಅದಕ್ಕೇ ವಿಜಯಪುರದ ಇಬ್ರಾಹಿಂಪುರದಲ್ಲಿ ಮನೆ ಕಟ್ಟಿಸುವಾಗ ಗಂಡ ಬಸಗೊಂಡಪ್ಪ ಮಾತು ಕೊಟ್ಟಿದ್ದ: "ಬೋರಿನ ನೀರು ಸವಳಿದ್ರ ಸಿಹಿ ಮಾಡೋ ಮಷೀನ್ ಕೂಡಿಸ್ತೇನಿ. ಈ ಮನ್ಯಾಗ ನೀ ಕೊಡಾ ಮುಟ್ಟಬಾರದು."

ಎಂಥ ಮಷೀನು ಬೇಕೆಂದು ಆರಿಸುವ ಮೊದಲು ನೀರು ನೋಡಬೇಕು ಎಂದ ಮಷೀನು ಮಾರುವ ಅಂಗಡಿಯ ಅಬ್ದುಲಸಮದ. "ನಮ್ಮ ನೀರು ಒಂದು ಬಾಟ್ಲಿ ತುಂಬಿಕೊಡು, ಅಂಗಡಿಗೆ ಒಯ್ಯೂದೈತಿ" ಎಂದಷ್ಟೇ ಬಸಗೊಂಡಪ್ಪ ಹೆಂಡತಿಗೆ ಹೇಳಿದ, ಯಾಕೆಂದು ಹೇಳಲಿಲ್ಲ. ಈ ಗಂಡಸರ ಅವಸರಕ್ಕೆ ಬೆಂಕಿ ಬೀಳಲಿ! ಮಂದಿಗೆ ಕಳಿಸುವ ನೀರಲ್ಲವೇ ಎಂದು ಗುರುಸಿದ್ದವ್ವ ಬಾಟಲಿ ತೊಳೆದು, ಗೌಂಡಿಗಳು ಕುಡಿಯಲೆಂದು ರೈಲು ಹಳಿಯಾಚೆಯ ನಲ್ಲಿಯಿಂದ ತಂದಿಟ್ಟಿದ್ದ ಮಡಕೆಯ ಸಿಹಿನೀರನ್ನು ತುಂಬಿಕೊಟ್ಟಳು.

ಸಂಜೆ ಅವನು ಪೇಡೆ ಹಿಡಿದು ಬಂದ. "ನೀರು ಪರೀಕ್ಷಾ ಮಾಡಿದ್ರು. ಮಷೀನೇ ಬ್ಯಾಡಂತ! ಸುತ್ತೆಲ್ಲಾ ಸವಳು, ನಮ್ಮ ಬೋರಿಗಷ್ಟ ಗಂಗವ್ವ ಒಲದಾಳ ನೋಡು."

ಬಾಟಲಿ ಒಯ್ದದ್ದು ಪರೀಕ್ಷೆಗೆಂದು ಅವಳಿಗೆ ಆಗಲೇ ತಿಳಿದದ್ದು. ಆ ಬೋರಿನ ನೀರಲ್ಲಿ ಕೈ ತೊಳೆದಾಗ ಸೋಪಿನ ನೊರೆಯೇ ಬಂದಿರಲಿಲ್ಲ. ಹೇಳಲೆಂದು ಬಾಯಿ ತೆರೆದಳು. ಅವನ ಮುಖ ಅಷ್ಟು ಅರಳಿದ್ದನ್ನು ಎಂದೂ ಕಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ಪೇಡೆ ಬಾಯಿಗಿಟ್ಟುಕೊಂಡಳು. ಮಷೀನಿನ ದುಡ್ಡು ಮುಂಬಾಗಿಲಿನ ತೇಗಕ್ಕೆ ಹೋಯಿತು. ಹೇಗೂ ಇಷ್ಟು ವರ್ಷ ನೀರು ಹೊತ್ತಾಯಿತು, ಇನ್ನಷ್ಟು ಹೊತ್ತರಾಯಿತು ಎಂದು ಸುಮ್ಮನಾದಳು.

ವಾಸ್ತುಶಾಂತಿಯ ದಿನ ಮನೆ ತುಂಬ ನೆಂಟರು. ಹೋಳಿಗೆಯ ಕಡಲೆಬೇಳೆ ಬೋರಿನ ನೀರಲ್ಲಿ ಬೆಳಗಿನಿಂದ ಕುದಿಯುತ್ತಿದ್ದರೂ ಕಲ್ಲಿನಂತೆ ಹಾಗೇ ಇತ್ತು. "ಹೊಸಾ ಮನ್ಯಾಗ ಬ್ಯಾಳಿ ಬೇಯವಲ್ದಲ್ಲ ಯವ್ವಾ!" ಎಂದು ನಾದಿನಿಯರು ಮುಖ ಮುಖ ನೋಡಿಕೊಂಡರು. ಗುರುಸಿದ್ದವ್ವ ಮೆಲ್ಲನೆ ಕೊಡ ಎತ್ತಿಕೊಂಡು ಗೇಟಿಗೆ ಬಂದಳು. ಎದುರಿಗೆ ಬಸಗೊಂಡಪ್ಪ.

"ಕೊಡಾ ಯಾಕ?"

"ಬಾಟ್ಲ್ಯಾಗ ತುಂಬಿದ್ದು ನಮ್ಮ ನೀರಲ್ರಿ. ಮಂದಿಗೆ ಸವಳು ಕಳಿಸಾಕ ನಾಚಿಕಿ ಬಂತು. ಆಮ್ಯಾಲ ನಿಮ್ಮ ಮಾರಿ ನೋಡಿ ಹೇಳಾಕ ಆಗಲಿಲ್ಲ" ಎಂದವಳು ಅಲ್ಲೇ ಅತ್ತುಬಿಟ್ಟಳು.

ಅವನು ಬೈಯಲಿಲ್ಲ. ಅವಳ ಸೊಂಟದಿಂದ ಕೊಡ ತೆಗೆದುಕೊಂಡು, ತಲೆಯ ಪಟಗಾ, ಜರಿಯ ಧೋತರ ಹಾಗೇ ಇರಲು, ಹಳಿಯ ಕಡೆ ನಡೆದ. ಅವನು ತುಂಬಿದ ಕೊಡ ಹೆಗಲಿಗಿಟ್ಟು ಮರಳಿದಾಗ ತಮ್ಮ ಶಂಕ್ರೆಪ್ಪ ಓಡಿಬಂದ. "ಅಣ್ಣಾ, ಮನಿ ಯಜಮಾನ ನೀರು ಹೊರೂದೇನು? ಮಂದಿ ಏನಂದಾರು?"

"ಆಕಿ ಹೊತ್ತಾಗ ಮಂದಿ ಏನೂ ಅನ್ನಲಿಲ್ಲ" ಎಂದ ಬಸಗೊಂಡಪ್ಪ. "ನಾನೂ ಅನ್ನಲಿಲ್ಲ."

ಬೇಳೆ ಬೆಂದು, ಹೋಳಿಗೆಯಾಗಿ, ನೆಂಟರ ಊಟ ಮುಗಿಯುವವರೆಗೂ ಅವನೇ ಹೊತ್ತ.

ಮರುದಿನ ಬೆಳಿಗ್ಗೆ ಅದೇ ಬಾಟಲಿಯನ್ನು ಅವಳ ಮುಂದಿಟ್ಟ. "ಅಬ್ದುಲಸಮದ ದಾರಿ ಕಾಯಾಕತ್ತಾನ. ನಮ್ಮ ನೀರು ತುಂಬು." ಗುರುಸಿದ್ದವ್ವ ಬೋರಿನ ನಲ್ಲಿ ತಿರುಗಿಸಿ ಬಾಟಲಿ ತುಂಬಿಸಿದಳು, ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು.