ಕಾಕು ಬಿಟ್ಟುಕೊಟ್ಟ ಮನೆ

ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದದ್ದು ಕಾಕು ಅಲ್ಲ, ಕೂಸನ್ನು ಎತ್ತಿಕೊಂಡ ಯಾರೋ ಹೆಂಗಸು. “ಆಂಟಿ ತೋ ಟಿಟ್ವಾಳಾ ಗಯೀ. ಆಪಕೋ ನಹೀ ಬತಾಯಾ?” ಎಂದಳು, ಆಂಟಿ ಟಿಟ್ವಾಳಾಕ್ಕೆ ಹೋದರು, ನಿಮಗೆ ಹೇಳಲಿಲ್ಲವೇ ಎಂದು. ಕೆಲಸ ಸಿಕ್ಕ ಖುಷಿಗೆ ತಂದ ಪೇಡೆ ಹಿಡಿದು ಪೆದ್ದಿಯ ಹಾಗೆ ನಿಂತೆ. ಕಾಕು ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು.

ಕಾಕು ತೀರಿಹೋದ ನನ್ನ ಚಿಕ್ಕಪ್ಪನ ಹೆಂಡತಿ. ಎರಡು ವರ್ಷದ ಹಿಂದೆ ಎಂಬಿಎ ಓದಲು ಹುಬ್ಬಳ್ಳಿಯಿಂದ ಬಂದಾಗ ನಾನು ಇಳಿದದ್ದು ಅವರಲ್ಲೇ. ನಮ್ಮ ಕಡೆ ಮನೆ ಹಿಡಿದರೆ ತಿಂಗಳ ಬಾಡಿಗೆ. ಇಲ್ಲಿ ‘ಹೆವಿ ಡಿಪಾಜಿಟ್’ ಎಂಬುದೂ ಇದೆ: ದೊಡ್ಡ ಮೊತ್ತ ಮಾಲಕನ ಕೈಗಿಟ್ಟರೆ ಬಾಡಿಗೆಯಿಲ್ಲ, ಮನೆ ಬಿಡುವಾಗ ಹಣ ವಾಪಸ್. ಚಿಕ್ಕಪ್ಪನ ಪಿಎಫ್ ಪೂರ್ತಿ ಹಾಗೆ ಆ ಮನೆಯಲ್ಲಿತ್ತು.

ಬ್ಯಾಂಕಿನ ಸಾಲ, ಅಪ್ಪ ಕೊಟ್ಟದ್ದು ಎಲ್ಲ ಕೂಡಿಸಿ ಫೀ ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಕಾಲೇಜಿಗೆ ಹತ್ತಿರವೆಂದು ಹಿಡಿದ ಕಾಮೋಠೆಯ ಪಿಜಿ, ಲ್ಯಾಪ್‌ಟಾಪ್, ಸಂದರ್ಶನದ ಕೋಟು ಯಾವುದೂ ಆ ಲೆಕ್ಕದಲ್ಲಿರಲಿಲ್ಲ. ವ್ಯಾಪಾರದ ಓದು ಓದಲು ಬಂದವಳ ಜಾಣತನ ಇಷ್ಟೇ! ಕೊನೆಯ ಕಂತಿನ ಫೀಗೆ ದುಡ್ಡು ಸಾಲದೆ, ಓದು ಬಿಟ್ಟು ಊರಿಗೆ ಹೋಗುತ್ತೇನೆಂದು ಕಾಕುವಿಗೆ ಫೋನ್ ಮಾಡಿ ಅತ್ತೆ.

“ಅಳಬ್ಯಾಡ. ನಂದೊಂದು ಎಫ್‌ಡಿ ಮುಗದದ, ತಗೋ,” ಎಂದರು. ಹಣ ಬಂತು, ಫೀ ಕಟ್ಟಿದೆ. ಒಬ್ಬಂಟಿ ಹೆಂಗಸಿಗೆ ಅಷ್ಟು ದೊಡ್ಡ ಎಫ್‌ಡಿ ಎಲ್ಲಿಂದ ಬಂತೆಂದು ಕೇಳಲಿಲ್ಲ. ಆಮೇಲೆ ಪರೀಕ್ಷೆಯ ನೆಪದಲ್ಲಿ ಆ ಕಡೆ ಹೋಗಲೂ ಇಲ್ಲ.

ಆ ಹೆಂಗಸಿನಿಂದ ವಿಳಾಸ ಪಡೆದು, ಬಾಗಿಲಿನಿಂದಲೇ ಇನ್ನೂ ದೂರದ ಟಿಟ್ವಾಳಾಕ್ಕೆ ಹೋದೆ. ಬಾಡಿಗೆಯ ಒಂದೇ ಖೋಲಿ. ಚಿಕ್ಕಪ್ಪನ ಕಪಾಟು ಒಳಗೆ ಹಿಡಿಸದೆ ಹೊರಗಿನ ಪಡಸಾಲೆಯಲ್ಲಿತ್ತು.

“ಯಾಕ ಹೇಳಲಿಲ್ಲ ಕಾಕು?”

“ಹೇಳಿದ್ರ ನೀ ರೊಕ್ಕ ತಗೋತಿದ್ದೇನು? ಇಲ್ಲಿ ಗಣಪ್ಪನ ಗುಡಿ ಹತ್ರದ. ಗಾಡಿ ಇಲ್ಲಿಂದನ ಹೊರಡ್ತದ, ಥಾಣೆದಾಗಿನ ಆಫೀಸಿಗೆ ಹೋಗಾಗ ಕೂಡಾಕ ಸೀಟೂ ಸಿಗ್ತದ.”

“ಮತ್ತ ನಿಮ್ಮ ಡೊಂಬಿವಲಿ ಗೆಳತ್ಯಾರು?”

ಹದಿನೈದು ವರ್ಷ ಒಂದೇ ಲೋಕಲ್ ರೈಲಿನಲ್ಲಿ ಕಾಕುವಿಗೆ ಜಾಗ ಹಿಡಿದಿಟ್ಟ ಹೆಂಗಸರು ಅವರು. ಕಾಕು ಪೇಡೆ ಮುರಿದು ಅರ್ಧ ನನ್ನ ಬಾಯಿಗಿಟ್ಟರು.

“ನನ್ನ ಗಾಡಿ ಈಗ ಬ್ಯಾರೆ. ಡೊಂಬಿವಲಿ ಬಂದಾಗ ಕಣ್ಣ ಮುಚಗೋತೀನಿ.”

ನಾನು ಬಿಕ್ಕಿ ಬಿಕ್ಕಿ ಅತ್ತೆ. ಈಗ ಸಂಬಳ ಬರುತ್ತಿದೆ, ಬ್ಯಾಂಕಿನ ಕಂತಿಗೇ ಹೆಚ್ಚಿನದು ಹೋಗುತ್ತದೆ. ಆ ಮನೆಯ ಡಿಪಾಜಿಟ್ ಅಷ್ಟರಲ್ಲಿ ನನ್ನ ಕೈಗೆಟುಕದಷ್ಟು ಏರಿದೆ.

ಮೊನ್ನೆ ಅವ್ವ ಫೋನಿನಲ್ಲಿ ಕೇಳಿದಳು, “ಮನೀಗೆ ಯಾವಾಗ ಬರ್ತಿ?” ದೀಪಾವಳಿಗೆ ಎಂದೆ. ಆದರೆ ಮನೆ ಎಂದ ಕೂಡಲೇ ನನಗೆ ನೆನಪಾದದ್ದು ಹುಬ್ಬಳ್ಳಿಯದಲ್ಲ, ಡೊಂಬಿವಲಿಯದು. ಅಲ್ಲೀಗ ಬೇರೆಯವರ ಕೂಸು ಅಂಬೆಗಾಲಿಡುತ್ತಿರಬೇಕು.