ಗಾಳಿ ಮರಕ್ಕೆ ಇಟ್ಟ ದೀಪ

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಎಷ್ಟೋ ಸಲ ಆಟೋ ಹಿಡಿದು ತಿರುಗಿ ಬಂದವಳು. ಅಂಥವಳ ಕೈಗೆ ಕಳೆದ ಡಿಸೆಂಬರಿನಲ್ಲಿ ಮೇಲಿನ ಮನೆಯಾಕೆ ತನ್ನ ಕ್ರಿಸ್‌ಮಸ್ ಗಿಡ ಒಪ್ಪಿಸಿ ಹೋದಳು.

ಆಕೆ ನರ್ಸು. ಬೆಳಗಾವಿಯಲ್ಲಿ ಅವಳ ಅಪ್ಪನಿಗೆ ದೊಡ್ಡ ಆಪರೇಷನ್ ಆಗುವುದಿತ್ತು. ಗಿಡ ಆಗಲೇ ತಂದಾಗಿತ್ತು. ಗಾಳಿ ಮರದ ಆಳೆತ್ತರದ ತುದಿ. ಕಲ್ಲು ತುಂಬಿದ ಬಕೆಟ್ಟಿನಲ್ಲಿ ಅದನ್ನು ನಿಲ್ಲಿಸಿ, ಹಿಮವೆಂದು ಕೊಂಬೆಗಳ ಮೇಲೆಲ್ಲ ಹತ್ತಿ ಹರಡಿದ್ದಳು. ಬೀಗ ಹಾಕಿದ ಮನೆಯಲ್ಲಿ ನೀರು ಹಾಕುವವರು ಯಾರು? ಇಬ್ಬರೂ ಹಿಡಿದು ಕೆಳಗಿಳಿಸಿ ನಮ್ಮ ಪಡಸಾಲೆಯ ಮೂಲೆಗೆ, ಅತ್ತೆಯ ಮಂಚದ ಪಕ್ಕ ತಂದಿಟ್ಟೆವು. ಬೇರೆ ಕಡೆ ಬಿಸಿಲು ಬೀಳುತ್ತಿತ್ತು.

"ಅಕ್ಕಾರ, ಬುಡಾ ಹೊಸದಾಗಿ ಕೊಯ್ದೇನ್ರಿ. ಕೊಯ್ದ ಬಾಯಿ ಯಾವಾಗ್ಲೂ ನೀರಾಗ ಮುಣಗಿರಬೇಕು. ಒಮ್ಮೆ ಒಣಗಿ ಮುಚ್ಚಿತಂದ್ರ, ಆಮ್ಯಾಲ ಎಷ್ಟ್ ಹಾಕಿದ್ರೂ ಕುಡಿಯೂದಿಲ್ರಿ" ಎಂದಳು. ಹೊಸ್ತಿಲು ದಾಟುವಾಗ ದನಿ ಇಳಿಸಿ, "ಅಪ್ಪಾ ಕೇಳಿದ್ದು ಇದೊಂದ ರೀ. ಬಂದಾಗ ಗಿಡಾ ಹಸರಿರಬೇಕಂತ" ಎಂದಳು.

ಅಷ್ಟು ಸಾಕಾಯಿತು ನನ್ನ ನಿದ್ದೆ ಕೆಡಿಸಲು. ನಮ್ಮ ನಲ್ಲಿಗೆ ನೀರು ಬರುವುದೇ ಐದಾರು ದಿನಕ್ಕೊಮ್ಮೆ. ಆ ಗಿಡವೋ, ಮದುವೆಗೆ ಬಂದ ಬೀಗರಿಗಿಂತ ಹೆಚ್ಚು ನೀರು ಕುಡಿಯುತ್ತಿತ್ತು. ಮುಂಜಾನೆ ಎದ್ದವಳೇ ಬಕೆಟ್ಟಿನಲ್ಲಿ ಬೆರಳದ್ದಿ ನೋಡುತ್ತಿದ್ದೆ. ಕಸ ಗುಡಿಸುವಾಗ ಉದುರಿದ ಸೂಜಿಯಂಥ ಎಲೆಗಳನ್ನು ಅಂಗೈಗೆ ಹಾಕಿಕೊಂಡು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಒದ್ದಾಡುತ್ತಿದ್ದೆ. ತಲೆಸ್ನಾನ ಎರಡು ಸಲ ತಪ್ಪಿಸಿದೆ.

ಅತ್ತೆಗೆ ಎರಡೂ ಮಂಡಿ ಹೋಗಿವೆ. ಯಾರಾದರೂ ಕೈ ಕೊಟ್ಟರೆ ಮಾತ್ರ ಮಂಚ ಇಳಿಯುತ್ತಾರೆ. ಆದರೆ ಬಾಯಿ ಗಟ್ಟಿ. "ನಮ್ಮ ಸೊಸಿ ನನಗ ನೀರ ಕೊಡೂದ ಮರೀತಾಳ, ಗಿಡಕ್ಕ ಮರಿಯೂದಿಲ್ಲ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು.

ಅಪ್ಪನನ್ನು ಕರೆದುಕೊಂಡು ಮರುದಿನ ಬರುತ್ತೇವೆಂದು ಆಕೆ ಫೋನು ಮಾಡಿದ ಸಂಜೆ, ಗಿಡದ ತುದಿಯಲ್ಲಿ ಎರಡು ಟೊಂಗೆ ಕೆಂಪಗಾಗಿದ್ದು ಕಂಡು ಮತ್ತೆ ಮತ್ತೆ ಬಕೆಟ್ಟಿನಲ್ಲಿ ಬೆರಳದ್ದಿ ನೋಡಿದೆ. ದೇವರ ಜಗಲಿಗೆ ದೀಪ ಹಚ್ಚುತ್ತಿದ್ದೆ. ಅತ್ತೆ ಮಂಚದ ಮೇಲಿಂದಲೇ, "ಜಗಲಿಗೆ ಇಡ್ತಿ, ಮನಿಗೆ ಬಂದ ಗಿಡಕ್ಕ ಯಾಕ ಇಡವಲ್ಲಿ? ಅದೂ ಒಂದು ದೇವರ ಗಿಡಾನ ಅಲ್ಲೇನ? ಬರೇ ನೀರ ಹಾಕಿದ್ರ ಸಾಕೇನ?" ಎಂದರು. ಹೆದರಿದವರಿಗೆ ಹೇಳಿದ್ದೆಲ್ಲ ಖರೆ ಅನಿಸುತ್ತದೆ. ಗ್ಯಾಸಿಗೆ ಹೆದರುವ ನಾನೇ ಒಂದು ಪಣತಿ ಹಚ್ಚಿ ಬಕೆಟ್ಟಿನ ಪಕ್ಕ ಇಟ್ಟು ಕೈ ಮುಗಿದೆ.

ಅದೇ ಹೊತ್ತಿಗೆ ಓಣಿಯಲ್ಲಿ ಕೂಗು ಎದ್ದಿತು: "ನೀರ ಬಂದಾವ್ರೀ!" ನಮ್ಮಲ್ಲಿ ಆ ಕೂಗು ಕೇಳಿದ ಮೇಲೆ ಯಾರೂ ನಿಲ್ಲುವುದಿಲ್ಲ. ಕೊಡ ತೆಗೆದುಕೊಂಡು ಅಂಗಳಕ್ಕೆ ಓಡಿದೆ. ಮೊದಲ ಎರಡು ಕೊಡ ಗಿಡಕ್ಕೇ ಎಂದುಕೊಂಡೆ. ಎರಡನೆಯದು ತುಂಬುವಾಗ ಹತ್ತಿ ಸುಟ್ಟ ವಾಸನೆ ಬಂತು. ಒಳಗಿನಿಂದ ಅತ್ತೆ, "ಯವ್ವಾ, ಲಗೂ ಬಾರವ್ವಾ!" ಎಂದು ಚೀರಿದರು. ತುಂಬಿದ ಕೊಡ ಹೊತ್ತು ಒಳಗೆ ಓಡಿದೆ.

ಕೆಳಗಿನ ಹತ್ತಿಗೆ ಪಣತಿಯ ಉರಿ ತಗುಲಿ ಬೆಂಕಿ ಕೊಂಬೆಯಿಂದ ಕೊಂಬೆಗೆ ಏರುತ್ತಿತ್ತು. ಕೊಡವನ್ನೇ ಎತ್ತಿ ಸುರಿದೆ, ಓಡಿ ಹೋಗಿ ಇನ್ನೊಂದು ತಂದು ಸುರಿದೆ. ಆರಿತು. ಆದರೆ ಒಂದು ಮಗ್ಗುಲು ಸೊಂಟದೆತ್ತರದವರೆಗೆ ಕರಕಾಗಿತ್ತು.

ಆಕೆಗೆ ಹೇಗೆ ಮುಖ ತೋರಿಸಲಿ? ಆ ಹಿರಿಯರಿಗೆ ಏನು ಹೇಳಲಿ? ಸುಟ್ಟ ಟೊಂಗೆ ಕತ್ತರಿಸಿದೆ, ಮಸಿ ಹಿಡಿದ ಹತ್ತಿ ಕಿತ್ತೆ, ಕರಕಾದ ಮಗ್ಗುಲನ್ನು ಗೋಡೆಗೆ ತಿರುಗಿಸಿದೆ, ನೆಲ ಒರೆಸಿದೆ. ಊಟದ ಹೊತ್ತಿಗೆ ಅತ್ತೆ, "ರೊಟ್ಟಿ ಒಲ್ಲೆ. ನುಚ್ಚು ಮಜ್ಜಿಗಿ ಕೊಡು, ಚಮಚೆ ಹಾಕು" ಎಂದರು. ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ ಎನ್ನುವವರು ಅವರು. ಯಾಕೆಂದು ಕೇಳದೆ ಕೊಟ್ಟೆ.

ಮರುದಿನ ಮಧ್ಯಾಹ್ನ ಬಂದರು. ಹಿರಿಯರು ಬಹಳ ಸೊರಗಿದ್ದರು. ಮಗಳ ಹೆಗಲು ಹಿಡಿದು ಬಂದು ಗಿಡದ ಮುಂದೆ ಕುರ್ಚಿಯಲ್ಲಿ ಕೂತರು. "ಛಲೋ ಹಸರೈತಿ" ಎಂದು ಕೊಂಬೆಗಳೊಳಗೆ ಕೈ ಹಾಕಿ ಸವರಿದರು. ಹೊರಗೆ ತೆಗೆದಾಗ ಬೆರಳಿಗೆ ಮಸಿ ಹತ್ತಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು.

ದೀಪ, ನೀರು, ಹತ್ತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. "ತಪ್ಪಾತ್ರಿ" ಎಂದೆ. ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡು ಗಿಡವನ್ನೇ ನೋಡುತ್ತಿದ್ದಳು. ಹಿರಿಯರು ಗಿಡದ ಕಡೆ ತಿರುಗಲೂ ಇಲ್ಲ.

"ಆವಾಗ ಈ ಅಕ್ಕಾರು ಎಲ್ಲಿದ್ರು, ತಂಗಿ?" ಎಂದು ಅತ್ತೆಯ ಕಡೆ ಕೈ ಮಾಡಿ ಕೇಳಿದರು.

ಮಂಚಕ್ಕೂ ಬಕೆಟ್ಟಿಗೂ ನಡುವೆ ಒಂದೇ ಹೆಜ್ಜೆ. ನಾನು ಕೊಡ ಸುರಿಯುವಾಗ ಮಂಚಕ್ಕೆ ಬೆನ್ನು ಹಾಕಿ ನಿಂತಿದ್ದೆ. ಆಮೇಲೆ ಊಟ ಕೊಡುವಾಗಲೂ, ಅವರು ಚಾಚಿದ ಎಡಗೈ ಹಿಡಿದು ಮಂಚ ಇಳಿಸುವಾಗಲೂ, ನಿಮಗೇನಾದರೂ ಆಯಿತೇ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನನಗೇನಾಗೈತಿ ಬಿಡ್ರಿ" ಎಂದು ಅತ್ತೆ ಬಲಗೈಯನ್ನು ಕೌದಿಯೊಳಗೆ ಸರಿಸಿದರು. ನರ್ಸು ಎದ್ದು ಹೋಗಿ ಆ ಕೈಯನ್ನು ಹೊರಗೆಳೆದಳು. ಅಂಗೈ ತುಂಬ ಬೊಬ್ಬೆ ಎದ್ದು ಒಡೆದಿತ್ತು. ಗಿಡದ ಕಡೆ ಇಳಿಬಿದ್ದಿದ್ದ ಕೌದಿಯ ಅಂಚು ಗೇಣುದ್ದ ಸುಟ್ಟಿತ್ತು. ಅದನ್ನು ಹಾಸಿಗೆಯ ಅಡಿಗೆ ಮಡಚಿಟ್ಟಿದ್ದರು.

"ಕೌದಿಗೆ ಹತ್ತಿತ್ತು, ಕೈಲೆ ಬಡದು ಆರಿಸಿದೆ" ಎಂದರು ಅತ್ತೆ, ನನ್ನ ಮುಖ ನೋಡದೆ. "ನೀ ಮೊದಲ ಅಂಜೂಕಿ. ದೀಪಾ ಇಡು ಅಂದಾಕಿನೂ ನಾನ."

ಗಾಯ ತೊಳೆಯಲು ಆಕೆ ಒಂದು ತಂಬಿಗೆ ನೀರು ಕೇಳಿದಳು. ಅಡುಗೆಮನೆಯಲ್ಲಿ ಕೊಡಗಳೆಲ್ಲ ತುಂಬಿದ್ದವು. ಒಂದು ತಂಬಿಗೆ ಬಗ್ಗಿಸಿಕೊಂಡು, ಗಿಡವನ್ನು ದಾಟಿ ನೇರ ಮಂಚದ ಹತ್ತಿರ ಹೋದೆ.