ಪಂಜದಿಂದ ಪುತ್ತೂರಿಗೆ ಹೊರಟ ಆ ಚಳಿಯ ಬೆಳಿಗ್ಗೆ

೧೯೬೧ರ ಡಿಸೆಂಬರಿನಲ್ಲಿ ನಮ್ಮ ಬಾಡಿಗೆ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ನನ್ನ ಯಜಮಾನರು ಪಂಜದಲ್ಲಿ ಆ ಹಳೆಯ ಕಾರನ್ನು ತಾವೇ ಬಾಡಿಗೆಗೆ ಓಡಿಸುತ್ತಿದ್ದರು. ಬಿಸಿಲೇರಿದ ಮೇಲೆ ಏನೂ ತೊಂದರೆ ಇಲ್ಲ. ಮಂಜು ಬಿದ್ದ ಬೆಳಿಗ್ಗೆ ಮಾತ್ರ, ಒಳಗಿನ ಸೆಲ್ಫ್ ಸ್ಟಾರ್ಟರ್ ಎಳೆದರೆ ಇಂಜಿನು ಒಂದೆರಡು ಸಲ ನರಳಿ ಸುಮ್ಮನಾಗುತ್ತಿತ್ತು. ಮತ್ತೆ ಎದುರಿಗೆ ಹ್ಯಾಂಡಲ್ ಹಾಕಿ ತಿರುಗಿಸುವುದೇ ಗತಿ.

ಪೆಟ್ರೋಲಿಗೆ ನೀರು ಸೇರಿದೆ ಎಂದು ಯಾರೋ ಹೇಳಿದರು, ಟ್ಯಾಂಕು ತೊಳೆದರು. ಪ್ಲಗ್ಗುಗಳನ್ನು ಕಳಚಿ ಉಜ್ಜಿ, ನನ್ನ ಒಲೆಯ ಪಕ್ಕ ಬೆಚ್ಚಗಿಟ್ಟು ಹಾಕಿದರು. ಪುತ್ತೂರಿನ ಮೆಕ್ಯಾನಿಕ್ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟ. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಅದೇ ಕಥೆ.

"ದೇವರಿಗೆ ಒಂದು ಹರಕೆ ಹೇಳಿಕೊಳ್ಳಿ," ಎಂದೆ.

"ಕಾರಿನ ವಿಷಯವೆಲ್ಲ ದೇವರ ಹತ್ರ ಹೇಳುದಾ ಮಾರಾಯ್ತಿ?" ಎಂದು ನಕ್ಕರು. ನಾನೂ ನಕ್ಕುಬಿಟ್ಟೆ.

ಆಗಲೇ ನಮ್ಮ ಒಬ್ಬಳೇ ಮಗಳು, ಆರು ವರ್ಷದ ಶಾರದೆಗೆ ಜ್ವರ ಬಂತು. ಶೀತವೆಂದು ಕಷಾಯ ಕೊಟ್ಟೆ. ಮರುದಿನ ಸ್ವರ ಕುಗ್ಗಿತು. ಮೂರನೆಯ ದಿನ ಬೆಳಕು ಹರಿಯುವಾಗ ಕುತ್ತಿಗೆ ಬಾತುಕೊಂಡಿತ್ತು, ಉಸಿರೆಳೆದಾಗಲೆಲ್ಲ ಸೀಟಿಯಂಥ ಶಬ್ದ. ಅತ್ತೆ ದೀಪ ಹಿಡಿದು ಬಾಯಿ ತೆರೆಸಿ ನೋಡಿದರು. ಗಂಟಲೊಳಗೆ ಬೂದಿ ಬಣ್ಣದ ಪೊರೆ.

"ಗಂಟಲಮಾರಿ," ಎಂದರು. ಅವರ ತಂಗಿ ಅದರಲ್ಲೇ ತೀರಿಹೋದವಳು. "ಈಗಲೇ ಪುತ್ತೂರಿಗೆ ಹೊರಡಿ. ತಡ ಮಾಡ್ಬೇಡಿ."

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಇವರು ಸೆಲ್ಫ್ ಎಳೆದರು. ಇಂಜಿನು ನರಳಿತು, ನಿಂತಿತು. ಓಡಿ ಹೋಗಿ ಹ್ಯಾಂಡಲ್ ಹಾಕಿದರು. ಅವಸರದಲ್ಲಿ ಹೇಗೆ ಹಿಡಿದಿದ್ದರೋ, ಅದು ಹಿಂದಕ್ಕೆ ಒದ್ದು ಬಲಗೈಯ ಮಣಿಕಟ್ಟಿಗೆ ಬಡಿಯಿತು. ಎಲುಬು ಮುರಿದದ್ದು ನನಗೇ ಕೇಳಿಸಿತು. ಅವರು ಅಲ್ಲೇ ನೆಲದಲ್ಲಿ ಕುಳಿತರು. ನಮ್ಮ ಅಂಗಳದಿಂದ ರಸ್ತೆಗೆ ಏರುದಾರಿ, ತಳ್ಳಲು ನಾಲ್ಕು ಗಂಡಸರಾದರೂ ಬೇಕು. ಹತ್ತಿರದ ಮನೆಗೆ ಒಂದು ಮೈಲು.

ಹರಕೆ ಹೇಳಿಕೊಳ್ಳೋಣವೆಂದರೆ ಏನು ಹೇಳಬೇಕೆಂದೇ ತೋಚಲಿಲ್ಲ. ತೆರೆದ ಬಾನೆಟ್ಟಿಗೆ ಒರಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು, "ಸುಬ್ರಾಯ ದೇವರೇ, ಇನ್ನು ನನ್ನಿಂದಾಗುದಿಲ್ಲ. ನೀನೇ ನೋಡು," ಎಂದೆ. ಅಷ್ಟೇ ನನ್ನ ಪ್ರಾರ್ಥನೆ.

ಇವರು ಹೇಗೋ ಎದ್ದು, ಒಳಗೆ ಕೂತು, ಎಡಗೈಯಿಂದ ಮತ್ತೊಮ್ಮೆ ಸೆಲ್ಫ್ ಎಳೆದರು. ನನ್ನ ಬೆರಳು ಚುರ್ರೆಂದಿತು.

"ಅಯ್ಯೋ, ಇಲ್ಲಿ ಸುಡ್ತದೆ!"

"ಎಲ್ಲಿ?"

"ಬ್ಯಾಟರಿಯ ದಪ್ಪ ವಯರು ಬೋಲ್ಟಿಗೆ ಸೇರುವಲ್ಲಿ."

"ಅಲ್ಲಿ ಬಿಸಿ ಆಗ್ಲಿಕ್ಕೆ ಇಲ್ಲ," ಎನ್ನುತ್ತಾ ಬಂದು ಮುಟ್ಟಿ ನೋಡಿದರು. ಮುಖವೇ ಬದಲಾಯಿತು. "ಸೀತೆ, ಈ ಅರ್ತ್ ವಯರು ಸರಿ ಕೂತಿಲ್ಲ. ಕರೆಂಟೆಲ್ಲ ಇಲ್ಲೇ ತಡೀತಾ ಉಂಟು. ಸ್ಪಾನರ್ ತೆಗೊ!"

ಅವರು ಹೇಳಿದಂತೆ ನಾನೇ ಬೋಲ್ಟು ಬಿಚ್ಚಿದೆ. ವಯರಿನ ತುದಿಗೂ ಅದು ಕೂರುವ ಕಬ್ಬಿಣಕ್ಕೂ ತುಕ್ಕು ಹಿಡಿದಿತ್ತು. ಅಡುಗೆಯ ಚೂರಿಯಿಂದ ಹೊಳೆಯುವಷ್ಟು ಕೆರೆದು ಮತ್ತೆ ಬಿಗಿದೆ. ಈ ಸಲ ಇಂಜಿನು ಗರ್ರನೆ ತಿರುಗಿ ಹಿಡಿದುಕೊಂಡಿತು. ಚಳಿಗೆ ಎಣ್ಣೆ ಗಟ್ಟಿಯಾದಾಗ ಇಂಜಿನು ತಿರುಗಿಸಲು ಹೆಚ್ಚು ಕರೆಂಟು ಬೇಕಂತೆ, ಅದಕ್ಕೇ ಬೆಳಿಗ್ಗೆ ಮಾತ್ರ ಆ ತೊಂದರೆ. ಇದನ್ನು ಅವರು ನನಗೆ ಆಮೇಲೆ ಬಿಡಿಸಿ ಹೇಳಿದರು.

ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದೆ ಕೂತರು. ಇವರ ಬಲಗೈಯನ್ನು ನನ್ನ ಸೆರಗಿನ ತುಂಡಿನಿಂದ ಎದೆಗೆ ಕಟ್ಟಿದೆ. ಇವರು ಎಡಗೈಯಲ್ಲಿ ಸ್ಟೀರಿಂಗು ಹಿಡಿದು, ಕ್ಲಚ್ಚು ತುಳಿದು "ಈಗ ಹಿಂದೆ, ಈಗ ಮುಂದೆ" ಎಂದಾಗಲೆಲ್ಲ ಪಕ್ಕದಲ್ಲಿ ಕೂತ ನಾನು ಗೇರಿನ ಕೋಲು ನೂಕಿದೆ. ಬೆಳ್ಳಾರೆ ದಾಟುವವರೆಗೆ ನಾನು ಹಿಂದೆ ತಿರುಗಿ ನೋಡಲಿಲ್ಲ. ಆ ಸೀಟಿಯಂಥ ಉಸಿರು ಕೇಳುತ್ತಿದ್ದರೆ ಸಾಕು ಎಂದುಕೊಂಡೆ.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಇಂಜೆಕ್ಷನ್ ಚುಚ್ಚಿದರು. ಆಮೇಲೆ ಇವರತ್ತ ತಿರುಗಿ, "ಈ ಕೈಯಲ್ಲಿ ಗಾಡಿ ಓಡಿಸಿದ್ದು ಯಾರು?" ಎಂದು ಕೇಳಿದರು.

"ನಾವಿಬ್ಬರೂ," ಎಂದರು ಇವರು.

ಮೂರು ದಿನ ಡಾಕ್ಟರು ಯಾವ ಭರವಸೆಯೂ ಕೊಡಲಿಲ್ಲ. ನಾಲ್ಕನೆಯ ದಿನ ಪೊರೆ ಬಿಟ್ಟುಕೊಂಡಿತು. ಮಗು ಒಂದು ಚಮಚ ಗಂಜಿ ನುಂಗಿತು. ಇವರು ಗೋಡೆಯ ಕಡೆ ಮುಖ ಮಾಡಿ ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ತುಕ್ಕು ಹಿಡಿದ ಬೋಲ್ಟು, ಇವತ್ತಲ್ಲ ನಾಳೆ ಯಾರಿಗಾದರೂ ಸಿಗುತ್ತಿತ್ತು ಎನ್ನುವವರಿದ್ದಾರೆ. ನಾನು ವಾದಿಸುವುದಿಲ್ಲ. ಆದರೆ ನನ್ನ ಮಗಳಿಗೆ ನಾಳೆ ಎಂಬುದು ಇರಲಿಲ್ಲ. ಎಲ್ಲಿ ಕೈಯಿಡಬೇಕೆಂದು ತಿಳಿಯದ ನನ್ನ ಕೈಯನ್ನು ಅಲ್ಲಿ ಇಡಿಸಿದವನು ಯಾರೆಂದು ನನಗೆ ಗೊತ್ತು. ಇವರ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ. ಅದಕ್ಕಾಗಿ ಅವರು ದೇವರನ್ನು ಒಂದು ದಿನವೂ ದೂರಿಲ್ಲ.

ಒಂದೂವರೆ ತಿಂಗಳ ಮೇಲೆ ನಾವೆಲ್ಲ ಸುಬ್ರಹ್ಮಣ್ಯಕ್ಕೆ, ಆ ಸುಬ್ರಾಯ ದೇವರ ಸನ್ನಿಧಿಗೆ ಹೋದೆವು. ಹರಕೆಯೇ ಹೇಳದವಳು ಏನು ಒಪ್ಪಿಸುವುದೆಂದು ತಿಳಿಯದೆ ಜನರ ನಡುವೆ ಬರಿಗೈಯಲ್ಲಿ ನಿಂತಿದ್ದೆ. ಆಗ ಶಾರದೆ, ಅಷ್ಟು ದಿನ ಪಿಸುಮಾತಿನಲ್ಲೇ ಇದ್ದವಳು, ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು:

"ಅಮ್ಮಾ, ನಂಗೆ ದೇವರು ಕಾಣುದಿಲ್ಲ! ಎತ್ತು!"

ಎತ್ತಿಕೊಂಡೆ.